ನಾಮಪದ, ಕ್ರಿಯಾಪದಗಳನ್ನು ಚಿಕ್ಕ ಮಕ್ಕಳಿಗೆ ಕಣ್ಣಿಗೆ ಕಾಣುವಂತೆ ಕಲಿಸುವುದು ಹೇಗೆ?

ಹಳ್ಳಿಶಾಲೆ ಮೇಡಂ

ಎಲ್ಲರಿಗೂ ನಮಸ್ಕಾರ. ನಾನು ನಾಲ್ಕು ಮತ್ತು ಐದನೇ ತರಗತಿಯ ಮಕ್ಕಳನ್ನು ಒಂದೇ ಕೊಠಡಿಯಲ್ಲಿ ಕೂರಿಸಿಕೊಂಡು ಕನ್ನಡ ಕಲಿಸುವ ಶಿಕ್ಷಕಿ. ಕಳೆದ ತಿಂಗಳು ನಾಮಪದ, ಸರ್ವನಾಮ, ಗುಣವಾಚಕ, ಕ್ರಿಯಾಪದ ಎಂದು ನಾಲ್ಕು ಚಾರ್ಟ್ ಬರೆದು ಗೋಡೆಗೆ ತೂಗುಹಾಕಿದೆ. ಕ್ರಿಯಾಪದದ ಚಾರ್ಟ್‌ನಲ್ಲಿ ಓಡುವ ಹುಡುಗ, ನೀರು ಸೇದುವ ಹೆಂಗಸು, ತೆಂಗಿನ ಮರ ಹತ್ತುವ ಗಂಡಸು, ಹೀಗೆ ಆರು ಚಿತ್ರಗಳಿದ್ದವು. ಎರಡು ವಾರ ಕಳೆದ ಮೇಲೆ ಚಾರ್ಟ್‌ಗಳನ್ನು ತಿರುಗಿಸಿಟ್ಟು, ನಿಮಗೆ ನೆನಪಿರುವ ಕ್ರಿಯಾಪದಗಳನ್ನು ಬರೆಯಿರಿ ಎಂದೆ. ಹತ್ತೊಂಬತ್ತು ಮಕ್ಕಳಲ್ಲಿ ಏಳು ಮಂದಿ "ಹುಡುಗ, ಹೆಂಗಸು, ತೆಂಗಿನ ಮರ" ಎಂದು ಬರೆದಿದ್ದರು. ಮೂವರು "ಓಟ" ಎಂದು ಬರೆದಿದ್ದರು.

ಮೊದಲು ಸಿಟ್ಟು ಬಂತು, ಆಮೇಲೆ ಚಾರ್ಟನ್ನು ನಾನೇ ಮತ್ತೊಮ್ಮೆ ನೋಡಿದೆ. ಮಕ್ಕಳು ಬರೆದದ್ದರಲ್ಲಿ ತಪ್ಪೇನಿದೆ? ಚಿತ್ರದಲ್ಲಿ ಕಾಣುವವನು ಹುಡುಗನೇ, ಓಡುವುದು ಎಲ್ಲಿಯೂ ಕಾಣುವುದಿಲ್ಲ. ಮರ ಹತ್ತುವ ಚಿತ್ರದ ಕೆಳಗೆ "ಹತ್ತು" ಎಂದು ಬರೆದಿದ್ದೆನಲ್ಲ, ಅದನ್ನು ನೋಡಿದ ಒಬ್ಬ ಹುಡುಗ ಪಕ್ಕದಲ್ಲಿ ಪೆನ್ಸಿಲಿನಿಂದ 10 ಎಂದು ಬರೆದಿದ್ದ. ನಮ್ಮಲ್ಲಿ ಬಣ್ಣದ ಹಾಳೆ, ಹಳೆಯ ಕ್ಯಾಲೆಂಡರ್, ಮದುವೆ ಪತ್ರಿಕೆಗಳ ರಟ್ಟು ಬಿಟ್ಟರೆ ಬೇರೆ ಸಾಮಗ್ರಿ ಇಲ್ಲ. ಇದರಲ್ಲಿ ಏನು ಮಾಡಿದರೆ ಮಕ್ಕಳಿಗೆ ಪದದ ಜಾತಿ ನಿಜವಾಗಿ ಕಾಣುತ್ತದೆ ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಬೇಕು.

ತ್ರಿಕೋನ

ಮೇಡಂ, ನಾನು ಬೆಂಗಳೂರಿನ ಒಂದು ಮಾಂಟೆಸ್ಸರಿ ಮನೆಯಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ನಿಮ್ಮ ತೊಂದರೆಗೆ ನಮ್ಮ ಪದ್ಧತಿಯಲ್ಲಿ ಒಂದು ಉತ್ತರವಿದೆ. ಅಲ್ಲಿ ಚಿತ್ರವನ್ನು ಪದದ ಬದಲಿಗೆ ಇಡುವುದಿಲ್ಲ, ಪದದ ತಲೆಯ ಮೇಲೆ ಒಂದು ಆಕಾರವನ್ನು ಇಡುತ್ತಾರೆ. ನಾಮಪದಕ್ಕೆ ಕಪ್ಪು ತ್ರಿಕೋನ, ಕ್ರಿಯಾಪದಕ್ಕೆ ಕೆಂಪು ವೃತ್ತ, ವಿಶೇಷಣಕ್ಕೆ, ಅಂದರೆ ನಿಮ್ಮ ಗುಣವಾಚಕಕ್ಕೆ, ನಾಮಪದದ್ದಕ್ಕಿಂತ ಚಿಕ್ಕದಾದ ಕಡುನೀಲಿ ತ್ರಿಕೋನ, ಕ್ರಿಯಾವಿಶೇಷಣಕ್ಕೆ ಕಿತ್ತಳೆ ಬಣ್ಣದ ಚಿಕ್ಕ ವೃತ್ತ, ಸರ್ವನಾಮಕ್ಕೆ ನೇರಳೆ ಬಣ್ಣದ ಉದ್ದನೆಯ ತ್ರಿಕೋನ. ನಾಮಪದವನ್ನು ಮೊದಲು ಪರಿಚಯಿಸುವಾಗ ಕಪ್ಪು ಪಿರಮಿಡ್ಡನ್ನೂ ಕ್ರಿಯಾಪದಕ್ಕೆ ಕೆಂಪು ಚೆಂಡನ್ನೂ ಕೈಗೇ ಕೊಡುತ್ತೇವೆ. ಪಿರಮಿಡ್ ಇಟ್ಟಲ್ಲಿ ಕೂರುತ್ತದೆ, ಚೆಂಡು ಉರುಳುತ್ತದೆ. ಈ ವ್ಯತ್ಯಾಸ ಐದು ವರ್ಷದ ಮಗುವಿಗೂ ಅಂಗೈಯಲ್ಲೇ ತಿಳಿಯುತ್ತದೆ.

ಇನ್ನೊಂದು ಮಾತು. ಕ್ರಿಯಾಪದಕ್ಕೆ ಚಿತ್ರ ಬೇಡವೇ ಬೇಡ, ಚೀಟಿ ಸಾಕು. "ಕುಪ್ಪಳಿಸು", "ಚಪ್ಪಾಳೆ ತಟ್ಟು", "ಬಾಗಿಲು ತೆರೆ" ಎಂದು ಬರೆದ ಚೀಟಿಗಳನ್ನು ಒಂದು ಡಬ್ಬಿಯಲ್ಲಿಡಿ. ಮಗು ಚೀಟಿಯನ್ನು ಓದಿ, ಬಾಯಿ ಬಿಡದೆ, ಅದನ್ನು ಮಾಡಿ ತೋರಿಸಬೇಕು. "ಮೇಜು" ಎಂಬ ಚೀಟಿಯನ್ನೂ ಬೇಕೆಂದೇ ಅದರೊಳಗೆ ಸೇರಿಸಿ. ಅದನ್ನು ಮಾಡಿ ತೋರಿಸಲು ಮಗುವಿಗೆ ಆಗುವುದಿಲ್ಲ, ತಂದು ತೋರಿಸಲು ಮಾತ್ರ ಆಗುತ್ತದೆ. ಆ ಕ್ಷಣದಲ್ಲಿ ಎರಡು ಜಾತಿಗಳು ತಾವಾಗಿಯೇ ಬೇರೆಯಾಗುತ್ತವೆ.

ಬಯಲುಸೀಮೆ ಮೇಷ್ಟ್ರು

ತ್ರಿಕೋನ ಅವರು ಹೇಳಿದ ಚೀಟಿಯಾಟವನ್ನು ನಾನು ಆಡಿಸಿದ್ದೇನೆ, ಮಕ್ಕಳು ಬಹಳ ಖುಷಿಪಡುತ್ತಾರೆ. ಆದರೆ ಬಣ್ಣದ ವಿಚಾರದಲ್ಲಿ ಒಂದು ಎಚ್ಚರಿಕೆ. ಕೆಂಪು ಮತ್ತು ಹಸಿರನ್ನು ಸರಿಯಾಗಿ ಬೇರ್ಪಡಿಸಲಾಗದ ಮಕ್ಕಳು, ಅದರಲ್ಲೂ ಗಂಡುಮಕ್ಕಳು, ನಾವು ಎಣಿಸುವುದಕ್ಕಿಂತ ಹೆಚ್ಚು ಇರುತ್ತಾರೆ, ಮತ್ತು ಅವರು ಅದನ್ನು ತಾವಾಗಿ ಹೇಳುವುದಿಲ್ಲ, ಏಕೆಂದರೆ ಅವರಿಗೇ ಗೊತ್ತಿರುವುದಿಲ್ಲ. ನನ್ನ ತರಗತಿಯ ಒಬ್ಬ ಹುಡುಗನನ್ನು ನಾನು ಒಂದು ವರ್ಷ ದಡ್ಡ ಎಂದೇ ತಿಳಿದಿದ್ದೆ. ಹೀಗಾಗಿ ಬಣ್ಣದ ಜೊತೆಗೆ ಆಕಾರವೂ ಬೇರೆಯಾಗಿರಲಿ. ಮಾಂಟೆಸ್ಸರಿಯವರ ಚಿಹ್ನೆಗಳಲ್ಲಿ ಅದು ಇದ್ದೇ ಇದೆ, ಆದರೆ ಅಂಗಡಿಯಲ್ಲಿ ಸಿಗುವ ಅಚ್ಚಿನ ಚಾರ್ಟ್‌ಗಳಲ್ಲಿ ಇರುವುದಿಲ್ಲ.

ಹಳ್ಳಿಶಾಲೆ ಮೇಡಂ

ಇಬ್ಬರಿಗೂ ಧನ್ಯವಾದಗಳು. ಚೀಟಿಯಾಟವನ್ನು ನಿನ್ನೆಯೇ ಆಡಿಸಿದೆ, ಚೆನ್ನಾಗಿ ನಡೆಯಿತು. ತ್ರಿಕೋನ, ವೃತ್ತಗಳನ್ನು ಕತ್ತರಿಸಿ ವಾಕ್ಯದ ಮೇಲೆ ಇಡಿಸಿದಾಗ ಮಾತ್ರ ಎರಡು ಕಡೆ ಸಿಕ್ಕಿಕೊಂಡೆ. "ಇವರು ನಮ್ಮ ಗುರುಗಳು" ಎಂಬ ವಾಕ್ಯದಲ್ಲಿ ಕೆಂಪು ವೃತ್ತವನ್ನು ಎಲ್ಲಿ ಇಡಬೇಕು ಎಂದು ಮಕ್ಕಳು ಕೇಳಿದರು. "ಹಕ್ಕಿ ಮರದಲ್ಲಿ ಕುಳಿತಿದೆ" ಎಂಬಲ್ಲಿ "ಅಲ್ಲಿ" ಎಂಬುದಕ್ಕೆ ಬೇರೆ ಗುರುತು ಇಡಬೇಕೋ ಬೇಡವೋ ನನಗೇ ತಿಳಿಯಲಿಲ್ಲ.

ನಿವೃತ್ತ ಪಂಡಿತ

ಚರ್ಚೆಯನ್ನು ಮೊದಲಿನಿಂದ ಓದಿದೆ. ಮೇಡಂ ಅವರು ಸಿಕ್ಕಿಕೊಂಡಿರುವ ಎರಡು ಜಾಗಗಳೂ ಮಕ್ಕಳ ತಪ್ಪಿನಿಂದ ಆದವಲ್ಲ, ನಾವು ಇಂಗ್ಲಿಷ್ ವ್ಯಾಕರಣದ ಎಂಟು ಪದಜಾತಿಗಳೆಂಬ ಎಂಟು ಗೂಡುಗಳ ಪೆಟ್ಟಿಗೆಯನ್ನು ಹಾಗೆಯೇ ತಂದು ಅದರೊಳಗೆ ಕನ್ನಡವನ್ನು ತುಂಬಲು ಹೊರಟಿರುವುದರಿಂದ ಆದವು. ಆ ಎಂಟರ ಲೆಕ್ಕ ಗ್ರೀಕ್ ವ್ಯಾಕರಣದಿಂದ ಲ್ಯಾಟಿನ್ನಿಗೆ, ಅಲ್ಲಿಂದ ಇಂಗ್ಲಿಷಿಗೆ ಇಳಿದು ಬಂದದ್ದು. ನಮ್ಮ ಕಡೆ ನಿರುಕ್ತವನ್ನು ಬರೆದ ಪ್ರಾಚೀನ ಸಂಸ್ಕೃತ ವಿದ್ವಾಂಸ ಯಾಸ್ಕನು ಪದಗಳನ್ನು ನಾಮ, ಆಖ್ಯಾತ (ಕ್ರಿಯಾಪದ), ಉಪಸರ್ಗ, ನಿಪಾತ ಎಂದು ನಾಲ್ಕೇ ಬಗೆಯಾಗಿ ಹೇಳಿದನು. ಹದಿಮೂರನೇ ಶತಮಾನದ ಕೇಶಿರಾಜನ ಕನ್ನಡ ವ್ಯಾಕರಣ ಗ್ರಂಥ ಶಬ್ದಮಣಿದರ್ಪಣದ ಎಂಟು ಪ್ರಕರಣಗಳಲ್ಲಿ ನಾಮಕ್ಕೆ ಒಂದು, ಆಖ್ಯಾತಕ್ಕೆ ಒಂದು, ಅವ್ಯಯಕ್ಕೆ ಒಂದು ಪ್ರಕರಣವಿದೆ. ವಿಶೇಷಣಕ್ಕೆಂದು ಪ್ರತ್ಯೇಕ ಪ್ರಕರಣವಿಲ್ಲ. ನಮ್ಮ ಶಾಲಾ ವ್ಯಾಕರಣದಲ್ಲಿ ಇಂದಿಗೂ ಗುಣವಾಚಕವನ್ನು ನಾಮಪದದ ಒಂದು ವಿಧವಾಗಿಯೇ ಹೇಳುತ್ತೇವೆ. ಗೋಡೆಯ ಮೇಲಿನ ಚಾರ್ಟ್ ಅದನ್ನು ಬೇರೆ ಜಾತಿ ಎನ್ನುತ್ತದೆ, ಪುಸ್ತಕ ಒಳಜಾತಿ ಎನ್ನುತ್ತದೆ. ಮಗು ಯಾವುದನ್ನು ನಂಬಬೇಕು?

ಕನ್ನಡದಲ್ಲಿ ಪದದ ಜಾತಿ ತಿಳಿಯುವುದು ಅದರ ಬಾಲದಿಂದ. ಅನ್ನು, ಇಂದ, ಗೆ, ಅಲ್ಲಿ ಎಂಬ ವಿಭಕ್ತಿ ಪ್ರತ್ಯಯಗಳನ್ನು ಹಚ್ಚಿಕೊಳ್ಳುವುದು ನಾಮ. ಉತ್ತಾನೆ, ಇದಳು, ಉವೆವು ಎಂಬಂಥವನ್ನು ಹಚ್ಚಿಕೊಳ್ಳುವುದು ಕ್ರಿಯೆ. ಮೆಲ್ಲಗೆ, ಮತ್ತು, ಆದರೆ, ಅಯ್ಯೋ ಇವುಗಳಂತೆ ಯಾವ ಬಾಲವನ್ನೂ ಒಲ್ಲದಿರುವುದು ಅವ್ಯಯ. ಚಿತ್ರ ತೋರಿಸುವುದು ವಸ್ತುವನ್ನು. ವ್ಯಾಕರಣಕ್ಕೆ ಬೇಕಾದದ್ದು ಪದ. "ಓಟ" ಎಂದು ಬರೆದ ಮೂವರಿಗೆ ಓಡುವುದು ಅರ್ಥವಾಗಿಲ್ಲವೆಂದೇನೂ ಅಲ್ಲ. ಓಟವನ್ನು, ಓಟದಿಂದ, ಓಟಕ್ಕೆ ಎಂದು ಬಾಲ ಹಚ್ಚಿಸಿ ನೋಡಿದ್ದರೆ ಅದು ನಾಮಪದವೆಂದು ಅವರೇ ಹೇಳುತ್ತಿದ್ದರು. ಆ 10 ಎಂದು ಬರೆದ ಹುಡುಗನನ್ನಂತೂ ನಾನು ಮೆಚ್ಚುತ್ತೇನೆ. ಹತ್ತರಿಂದ, ಹತ್ತರಲ್ಲಿ ಎಂದರೆ ಸಂಖ್ಯೆ, ಹತ್ತಿದನು, ಹತ್ತುತ್ತಾನೆ ಎಂದರೆ ಕ್ರಿಯೆ. ಬರಿಯ "ಹತ್ತು" ಎಂಬುದು ಎರಡೂ ಹೌದು.

ಹಾಡು, ಕಾಡು, ಆಡು, ಏಳು, ಕಟ್ಟು, ಸುತ್ತು ಇವೆಲ್ಲವೂ ಇಂಥವೇ. ಈ ಪದಗಳನ್ನು ಚಾರ್ಟ್‌ನಿಂದ ಹೊರಗಿಡುವ ಬದಲು ಮೊದಲ ಪಾಠವನ್ನೇ ಇವುಗಳಿಂದ ತೊಡಗುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. "ಕಾಡಿಗೆ ಹೋದನು", "ನಾಯಿಯನ್ನು ಕಾಡಿದನು" ಎಂದು ಎರಡು ವಾಕ್ಯ ಬರೆದು, "ಕಾಡು" ಎಂಬುದರ ಮುಂದೆ ಏನು ಅಂಟಿದೆ ಎಂದು ಕೇಳಿದರೆ ಸಾಕು.

"ಇವರು ನಮ್ಮ ಗುರುಗಳು" ಎಂಬಲ್ಲಿ ಕ್ರಿಯಾಪದವನ್ನು ಹುಡುಕಿಸಬೇಡಿ. "ಆಗಿದ್ದಾರೆ" ಎಂಬುದು ಅಲ್ಲಿ ಅಧ್ಯಾಹಾರ, ಅಂದರೆ ಹೇಳದೆಯೇ ಊಹಿಸಿಕೊಳ್ಳಬೇಕಾದ ಪದ ಎಂದು ನಾವು ದೊಡ್ಡವರು ಹೇಳಿಕೊಳ್ಳುತ್ತೇವೆ; ಮಗುವಿಗೆ ಕಾಣದ್ದನ್ನು ಕಾಣು ಎಂದು ಒತ್ತಾಯಿಸುವುದು ಈ ವಯಸ್ಸಿನಲ್ಲಿ ಬೇಡ. ಅಲ್ಲ, ಇಲ್ಲ, ಬೇಕು, ಬೇಡ, ಸಾಕು ಎಂಬ ಕ್ರಿಯಾರ್ಥಕಾವ್ಯಯಗಳನ್ನೂ ಮೇಲಿನ ತರಗತಿಗೆ ಬಿಡಿ.

ತ್ರಿಕೋನ

ಗುರುಗಳೇ, ನೀವು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಪೂರ್ತಿಯಾಗಿ ಅಲ್ಲ. ನಮ್ಮ ಚಿಹ್ನೆಗಳಲ್ಲಿ ಇಂಗ್ಲಿಷಿನ a, an, the ಎಂಬ ಆರ್ಟಿಕಲ್‌ಗೆ ತಿಳಿನೀಲಿ ತ್ರಿಕೋನವಿದೆ, ಕನ್ನಡದಲ್ಲಿ ಅದನ್ನು ಇಡಲು ಪದವೇ ಇಲ್ಲ. ಪ್ರಿಪೊಸಿಷನ್‌ಗೆ ಹಸಿರು ಅರ್ಧಚಂದ್ರವಿದೆ, ಅದನ್ನು ನಾನು ಇಷ್ಟು ವರ್ಷ "ಮೇಲೆ", "ಕೆಳಗೆ" ಎಂಬ ಪದಗಳ ಮೇಲೆ ಇಡಿಸುತ್ತಿದ್ದೆ. ಮೇಲಕ್ಕೆ, ಮೇಲಿಂದ ಎಂದು ಅವೂ ಬಾಲ ಹಚ್ಚಿಕೊಳ್ಳುತ್ತವೆ ಎಂಬುದನ್ನು ಈಗ ಗಮನಿಸಿದೆ. ಆದರೆ ಬಾಲದ ಪರೀಕ್ಷೆ ಅಕ್ಷರ ಬಲ್ಲ ಮಗುವಿಗೆ ಸಾಧ್ಯ. ಇನ್ನೂ ಓದಲು ಬಾರದ ಮಗುವಿಗೆ ಚೆಂಡು, ಪಿರಮಿಡ್ಡುಗಳೇ ಸರಿ. ಯಾವ ವಯಸ್ಸಿಗೆ ಯಾವುದು ಎಂಬುದನ್ನು ಬಿಟ್ಟು ಚರ್ಚಿಸಿದರೆ ಇಬ್ಬರೂ ಸರಿಯಾಗಿದ್ದೇ ಜಗಳವಾಡುತ್ತೇವೆ.

ತರಬೇತಿ ಕೊಠಡಿ

ನಾನು ಶಿಕ್ಷಕರ ತರಬೇತಿಯಲ್ಲಿ ಕೆಲಸ ಮಾಡುತ್ತೇನೆ. ವಯಸ್ಸಿನ ಮಾತು ಬಂದದ್ದರಿಂದ ಚಿಕ್ಕ ತರಗತಿಗಳ ಚಟುವಟಿಕೆ ಆಧಾರಿತ ಕಲಿಕೆಯ ಪದ್ಧತಿಯಾದ ನಲಿಕಲಿಯನ್ನು ನೆನಪಿಸುತ್ತೇನೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾದ ಈ ಪದ್ಧತಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂದಾಗ ನಾವು ಕಲಿತ ದೊಡ್ಡ ಪಾಠವೆಂದರೆ, ಕಲಿಕೋಪಕರಣ ಶಿಕ್ಷಕರ ಕೈಯಿಂದ ಮಗುವಿನ ಕೈಗೆ ಬರಬೇಕು ಎಂಬುದು. ಕಲಿಕೆಯ ಹಂತಗಳನ್ನು ತೋರಿಸುವ ಕಲಿಕಾ ಏಣಿ, ಕಾರ್ಡುಗಳು, ಮಕ್ಕಳ ಎತ್ತರಕ್ಕೆ ಇಳಿಸಿದ ಗೋಡೆಯ ಕಪ್ಪುಹಲಗೆ, ಅವರ ಚಿತ್ರಗಳನ್ನು ಇಳಿಬಿಡುವ ಚಪ್ಪರ, ಇವೆಲ್ಲ ಅದಕ್ಕಾಗಿಯೇ ಇರುವಂಥವು. ಮೂರನೇ ತರಗತಿ ದಾಟಿದ ಕೂಡಲೇ ನಾವು ಅದೆಲ್ಲವನ್ನೂ ಬಿಟ್ಟು ಮತ್ತೆ ಗೋಡೆಯ ಚಾರ್ಟ್‌ಗೆ ಮರಳುತ್ತೇವೆ. ಮೇಡಂ ಅವರ ಚಾರ್ಟ್‌ನ ದೋಷ ಚಿತ್ರದಲ್ಲಿ ಎಷ್ಟಿತ್ತೋ, ಅದು ಯಾರೂ ಮುಟ್ಟದೆ ಎರಡು ವಾರ ಗೋಡೆಯಲ್ಲಿ ನೇತಾಡಿದ್ದರಲ್ಲಿಯೂ ಅಷ್ಟೇ ಇತ್ತು.

ಪಂಡಿತರ ಬಾಲದ ಮಾತನ್ನು ಕೈಗೆ ಸಿಗುವಂತೆ ಮಾಡಲು ನಾವು ರೈಲು ಮಾಡುತ್ತೇವೆ. ನಾಮಪ್ರಕೃತಿ (ಪ್ರತ್ಯಯ ಹಚ್ಚುವ ಮೊದಲಿನ ನಾಮ) ಅಥವಾ ಧಾತು (ಕ್ರಿಯಾಪದದ ಮೂಲರೂಪ) ಇಂಜಿನ್, ಪ್ರತ್ಯಯ ಬೋಗಿ. ಮದುವೆ ಪತ್ರಿಕೆಯ ರಟ್ಟು ಇದಕ್ಕೆ ಬಹಳ ಒಳ್ಳೆಯದು, ಒಂದು ಮಗ್ಗುಲು ಖಾಲಿ ಇರುತ್ತದೆ, ಮಳೆಗಾಲದಲ್ಲೂ ಬಾಗುವುದಿಲ್ಲ. ಇಂಜಿನ್ನಿನ ಬಲ ಅಂಚನ್ನು ನಾಮಪದಗಳಿಗೆ ಮೂಲೆಯಾಗಿ, ಕ್ರಿಯಾಪದಗಳಿಗೆ ದುಂಡಾಗಿ ಕತ್ತರಿಸಬೇಕು. ವಿಭಕ್ತಿಯ ಬೋಗಿ ಮೂಲೆಗೆ ಮಾತ್ರ ಕೂರುತ್ತದೆ, ಕಾಲದ ಬೋಗಿ ದುಂಡಿಗೆ ಮಾತ್ರ. ಬಣ್ಣ ಇಲ್ಲದಿದ್ದರೂ ನಡೆಯುತ್ತದೆ, ಬಯಲುಸೀಮೆ ಮೇಷ್ಟ್ರ ಆತಂಕಕ್ಕೂ ಇದು ಪರಿಹಾರ. "ಹಾಡು" ಎಂಬ ಇಂಜಿನ್‌ಗಳನ್ನು ಎರಡು ಮಾಡಿ, ಒಂದು ಮೂಲೆಯದು, ಇನ್ನೊಂದು ದುಂಡಿನದು.

ಗುಣವಾಚಕಕ್ಕೆ ಬಾಲವಿಲ್ಲ, ಅದು ಇಂಜಿನ್ನಿನ ಮುಂದೆ ನಿಲ್ಲುತ್ತದೆ. ದೊಡ್ಡ ಮರ, ದೊಡ್ಡ ಮರವನ್ನು, ದೊಡ್ಡ ಮರದಿಂದ: ಮರ ಮೂರು ವೇಷ ಹಾಕಿದರೂ "ದೊಡ್ಡ" ಕದಲಲಿಲ್ಲ ಎಂಬುದು ಹಲಗೆಯ ಮೇಲೆ ಜೋಡಿಸಿದಾಗ ಥಟ್ಟನೆ ಕಾಣುತ್ತದೆ. ಬಾಲ ಬೇಕಾದಾಗ ಅದು ದೊಡ್ಡವನು, ದೊಡ್ಡದು ಎಂದು ತಾನೇ ನಾಮಪದವಾಗಿಬಿಡುತ್ತದೆ.

ಬಯಲುಸೀಮೆ ಮೇಷ್ಟ್ರು

ಈ ರೈಲನ್ನು ನಾನೂ ಓಡಿಸಿ ನೋಡಿದ್ದೇನೆ, ಹಳಿ ತಪ್ಪುವ ಜಾಗವನ್ನು ಹೇಳಿಬಿಡುತ್ತೇನೆ. ಇಂಗ್ಲಿಷಿನಲ್ಲಿ ಪದದ ಪಕ್ಕದಲ್ಲಿ ಪದ ಇಟ್ಟರೆ ಮುಗಿಯಿತು. ಕನ್ನಡದಲ್ಲಿ ಮರ, ಅನ್ನು ಎಂಬ ಎರಡು ಕಾರ್ಡ್ ಜೋಡಿಸಿದರೆ "ಮರಅನ್ನು" ಆಗುತ್ತದೆ, ಮಕ್ಕಳು ಅದನ್ನು ಹಾಗೆಯೇ ನೋಟ್‌ಬುಕ್ಕಿಗೆ ಇಳಿಸುತ್ತಾರೆ. ಮನೆಯನ್ನು ಎಂಬಲ್ಲಿ ಯಕಾರ, ಮರವನ್ನು, ಹೂವನ್ನು ಎಂಬಲ್ಲಿ ವಕಾರ, ಮರದಿಂದ ಎಂಬಲ್ಲಿ ದಕಾರ ನಡುವೆ ಬರುತ್ತವೆ. ಊರನ್ನು ಎಂಬಲ್ಲಿ ಬರುವುದೇನೂ ಇಲ್ಲ, "ರು" ವಿನ ಕೊಂಬು ಹೋಗುತ್ತದೆ. ನಮ್ಮ ಲಿಪಿಯಲ್ಲಿ ಸ್ವರ ವ್ಯಂಜನದ ಮೈಯಲ್ಲೇ ಸೇರಿಕೊಂಡಿರುವುದರಿಂದ ಕಾರ್ಡನ್ನು ಅಕ್ಷರದ ನಡುವೆ ಕತ್ತರಿಸಲು ಬರುವುದಿಲ್ಲ.

ನಾನು ಮಾಡಿಕೊಂಡ ಉಪಾಯ ಎರಡು. ಯ, ವ, ದ ಎಂದು ಬರೆದ ಬೆರಳಗಲದ ಚೀಟಿಗಳನ್ನು ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಗೆ ಅಂಟಿಸಿ, ಅವುಗಳಿಗೆ "ಕೊಂಡಿ" ಎಂದು ಹೆಸರಿಟ್ಟೆ. ಇಂಜಿನ್ನಿಗೂ ಬೋಗಿಗೂ ನಡುವೆ ಕೊಂಡಿ ಬೇಕೋ ಬೇಡವೋ ಎಂಬುದನ್ನು ಮಗು ಬಾಯಲ್ಲಿ ಹೇಳಿ ನೋಡಿ ನಿರ್ಧರಿಸಬೇಕು. ಊರು, ಕಾಲು, ಬಾಗಿಲು ಮೊದಲಾದವುಗಳಲ್ಲಿ ಕೊನೆಯ ಅಕ್ಷರದ ಕೊಂಬು ಬೀಳುವ ಜಾಗದಲ್ಲಿ ಕಾರ್ಡನ್ನು ಮಡಚುವಂತೆ ಗೀರು ಹಾಕಿದೆ. ಮಡಚಿದರೆ "ಊರು" ಹೋಗಿ "ಊರ" ಉಳಿಯುತ್ತದೆ, ಅದರ ಪಕ್ಕಕ್ಕೆ "ನ್ನು" ಎಂಬ ತುಂಡು ಬೋಗಿ. ಇದು ಸಂಧಿಯ ಪಾಠವೇ ಆಯಿತಲ್ಲ ಎಂದು ಯಾರಾದರೂ ಕೇಳಬಹುದು. ಹೌದು, ಆದರೆ ಲೋಪ, ಆಗಮ ಎಂಬ ಹೆಸರುಗಳನ್ನು ನಾನು ಆಗ ಹೇಳಲು ಹೋಗಲಿಲ್ಲ.

ನಮ್ಮ ಕಡೆಯ ಮಕ್ಕಳು "ಮನ್ಯಾಗ", "ಊರಾಗ" ಎನ್ನುವವರು. "ಆಗ" ಎಂಬ ಬೋಗಿಯನ್ನೂ ಮಾಡಿ, ಅದರ ಹಿಂಬದಿಯಲ್ಲಿ "ಅಲ್ಲಿ" ಎಂದು ಬರೆದಿದ್ದೇನೆ. ಮನೆಮಾತಿನಲ್ಲಿ ಜೋಡಿಸಿ, ತಿರುಗಿಸಿದರೆ ಪುಸ್ತಕದ ಮಾತು. ಉರ್ದು ಮನೆಮಾತಿನ ಮಕ್ಕಳು ಮೊದಮೊದಲು "ಮನೆ ಅಲ್ಲಿ" ಎಂದು ಬಿಡಿಸಿ ಬರೆಯುತ್ತಿದ್ದರು. ಅವರ ಭಾಷೆಯಲ್ಲಿ ಮೇಂ, ಸೇ, ಕೋ ಎಂಬವು ಬೇರೆಯಾಗಿ ನಿಲ್ಲುವುದೇ ಕಾರಣವೆಂದು ತಿಳಿದ ಮೇಲೆ ಅದನ್ನು ತಪ್ಪು ಎಂದು ಕೆಂಪು ಗೆರೆ ಎಳೆಯುವುದನ್ನು ಬಿಟ್ಟೆ, ಕೊಂಡಿಯ ಕ್ಲಿಪ್ಪನ್ನು ಕೈಗೆ ಕೊಟ್ಟೆ.

ಶನಿವಾರದ ತರಗತಿ

ನಾವು ಅಮೆರಿಕದಲ್ಲಿ ವಾರಕ್ಕೆ ಒಂದೂವರೆ ಗಂಟೆ ಕನ್ನಡ ಕಲಿಸುವ ತಂದೆತಾಯಿಗಳು. ನಮ್ಮ ಮಕ್ಕಳು ಇಂಗ್ಲಿಷ್ ಶಾಲೆಯಲ್ಲಿ ಎಂಟು ಬಣ್ಣದ ಚಾರ್ಟನ್ನು ಆಗಲೇ ಬಾಯಿಪಾಠ ಮಾಡಿಕೊಂಡು ಬಂದಿರುತ್ತಾರೆ, ಆದ್ದರಿಂದ ಪಂಡಿತರು ಹೇಳಿದ ಪೆಟ್ಟಿಗೆಯನ್ನು ಹೊತ್ತು ತರುವವರು ಇಲ್ಲಿ ಮಕ್ಕಳೇ. "ಮೇಲೆ ಮೇಜು ಪುಸ್ತಕ" ಎಂದು ಬರೆದ ಹುಡುಗಿಯೊಬ್ಬಳಿಗೆ ಎಷ್ಟು ಸಲ ತಿದ್ದಿದರೂ ಹಿಡಿಸಲಿಲ್ಲ. ಕಳೆದ ವಾರ ಈ ರೈಲನ್ನು ನೋಡಿ ಮಾಡಿದೆವು. "ಮೇಜಿನ" ಎಂಬುದು ಹಿಡಿದುಕೊಂಡ ಮೇಲೆಯೇ "ಮೇಲೆ" ಎಂಬುದು ಬರಲು ಸಾಧ್ಯ ಎಂದು ಅವಳೇ ಜೋಡಿಸಿದಳು. ಇನ್ನೊಂದು ಪ್ರಶ್ನೆ: ಭಾಷಾವಿಜ್ಞಾನಿ ಡಾ. ಡಿ.ಎನ್. ಶಂಕರ ಭಟ್ಟರು ಬಳಸುವ ಹೆಸರುಪದ (ನಾಮಪದ), ಎಸಕಪದ (ಕ್ರಿಯಾಪದ), ಪರಿಚೆಪದ (ಗುಣವಾಚಕ) ಎಂಬ ಹೆಸರುಗಳನ್ನು ಮಕ್ಕಳಿಗೆ ಕಲಿಸಬಹುದೇ? "ಹೆಸರುಪದ" ನಮ್ಮ ಮಕ್ಕಳಿಗೆ ವಿವರಣೆಯಿಲ್ಲದೆ ಅರ್ಥವಾಯಿತು.

ನಿವೃತ್ತ ಪಂಡಿತ

ಕನ್ನಡಕ್ಕೆ ಅದರದೇ ವ್ಯಾಕರಣ ಬೇಕೆಂಬ ಭಟ್ಟರ ವಾದದ ತಿರುಳನ್ನೇ ನಾವು ಇಲ್ಲಿ ರಟ್ಟು ಕತ್ತರಿಸಿ ಮಾಡುತ್ತಿದ್ದೇವೆ, ಆದ್ದರಿಂದ ಹೆಸರಿನ ಬಗ್ಗೆ ನನಗೆ ತಕರಾರಿಲ್ಲ. ಪರೀಕ್ಷೆ ಬರೆಯಬೇಕಾದ ಮಕ್ಕಳಿಗೆ ಪುಸ್ತಕದ ಹೆಸರನ್ನೂ ಹೇಳಿಕೊಡಬೇಕು. ಪರೀಕ್ಷೆಯಿಲ್ಲದ ನಿಮ್ಮ ತರಗತಿಗೆ ಆ ಕಟ್ಟಿಲ್ಲ. "ಎಸಕ" ಎಂಬ ಪದ ಮಾತ್ರ ಇಂದಿನ ಮಾತಿನಲ್ಲಿ ಇಲ್ಲದಿರುವುದರಿಂದ, ಚಿಕ್ಕವರಿಗೆ "ಮಾಡುವ ಪದ" ಎಂದರೂ ಸಾಕು.

ಹಳ್ಳಿಶಾಲೆ ಮೇಡಂ

ಎಲ್ಲರ ಸಲಹೆಗಳನ್ನು ಓದಿಕೊಂಡು ಹತ್ತು ದಿನ ಕೆಲಸ ಮಾಡಿದ ಮೇಲೆ ಬರೆಯುತ್ತಿದ್ದೇನೆ. ಊರಿನವರು ಕೊಟ್ಟ ಮದುವೆ ಪತ್ರಿಕೆಗಳಿಂದ ನಲವತ್ತು ಇಂಜಿನ್, ಅರವತ್ತಕ್ಕೂ ಹೆಚ್ಚು ಬೋಗಿ ಮಾಡಿದೆವು. ಕತ್ತರಿಸಿದ್ದು ಐದನೆಯವರು, ಬರೆದದ್ದು ನಾಲ್ಕನೆಯವರು. ಒಂದು "ಮರ" ಇಂಜಿನ್ನಿನ ಹಿಂದೆ ಯಾರದೋ ಮುಹೂರ್ತ ಇನ್ನೂ ಕಾಣುತ್ತದೆ. ಕೊಂಡಿಯ ಕ್ಲಿಪ್ಪು ಬಹಳ ಉಪಯೋಗಕ್ಕೆ ಬಂತು. ಊರಿನ ಮಡಿಕೆ ಮೂರು ದಿನಕ್ಕೆ ಹರಿದುಹೋಯಿತು, ಈಗ ಅದರ ಬೆನ್ನಿಗೆ ಬಟ್ಟೆಯ ಪಟ್ಟಿ ಅಂಟಿಸಿದ್ದೇವೆ. ಮೊನ್ನೆ ಮತ್ತೆ ಕ್ರಿಯಾಪದಗಳನ್ನು ಬರೆಯಿರಿ ಎಂದಾಗ "ತೆಂಗಿನ ಮರ" ಎಂದು ಯಾರೂ ಬರೆಯಲಿಲ್ಲ. "ನಿದ್ದೆ" ಎಂದು ಇಬ್ಬರು ಬರೆದರು, ಪಕ್ಕದವರೇ "ನಿದ್ದೆಯನ್ನು, ನಿದ್ದೆಯಿಂದ" ಎಂದು ಹಚ್ಚಿ ತೋರಿಸಿ ಅಳಿಸಿದರು. ಗುಣವಾಚಕದಲ್ಲಿ "ಕೆಂಪು" ಎಂಬುದು ಇನ್ನೂ ಬಗೆಹರಿದಿಲ್ಲ. ಕೆಂಪು ಹೂವು ಎಂದರೆ ಮುಂದೆ ನಿಲ್ಲುತ್ತದೆ, ಕೆಂಪನ್ನು ಬಳಿ ಎಂದರೆ ಬಾಲ ಹಚ್ಚಿಕೊಳ್ಳುತ್ತದೆ. ಅದಕ್ಕೆ ಎರಡು ಕಾರ್ಡ್ ಮಾಡಿಟ್ಟಿದ್ದೇನೆ.

ಒಂದು ಮಾತ್ರ ನಾನು ಎಣಿಸಿರಲಿಲ್ಲ. ಕ್ರಿಯಾಪದದ ರೈಲಿನಲ್ಲಿ ಓಡು, ಉತ್ತ, ಆನೆ ಎಂದು ಮೂರು ತುಂಡು ಮಾಡಿದ್ದೆ. ಕೊನೆಯ ಬೋಗಿಯನ್ನು ಓದಿದ ಮಕ್ಕಳು ನಕ್ಕು ನಕ್ಕು ಸುಸ್ತಾದರು. ಮರುದಿನ ನೋಡಿದರೆ ಆ ಬೋಗಿಯ ಮೇಲೆ ಸೊಂಡಿಲೆತ್ತಿದ ಆನೆಯ ಚಿತ್ರವಿತ್ತು. ಈಗ "ಅವನು" ಬಂದ ವಾಕ್ಯಗಳಲ್ಲೆಲ್ಲ ಆನೆ ಎಲ್ಲಿ ಎಂದು ಹುಡುಕುತ್ತಾರೆ, ತಪ್ಪದೆ ಹಚ್ಚುತ್ತಾರೆ.

ಬಯಲುಸೀಮೆ ಮೇಷ್ಟ್ರು

ಮೇಡಂ, ನಿಮ್ಮ ಆನೆಯನ್ನು ನಮ್ಮ ಶಾಲೆಗೆ ತರಲು ಆಗುವುದಿಲ್ಲ, ನಮ್ಮ ಮಕ್ಕಳು "ಓಡ್ತಾನ" ಎನ್ನುತ್ತಾರೆ. ಪುಸ್ತಕದ ಮಾತಿಗೆ ತಿರುಗಿಸುವಾಗ ಹಿಂಬದಿಯಲ್ಲಿ ಬರೆದುಕೊಳ್ಳುತ್ತೇನೆ.

ತ್ರಿಕೋನ

ನೀವು ಚಿತ್ರವನ್ನು ಗೋಡೆಯಿಂದ ತೆಗೆದಿರಿ, ಮಕ್ಕಳು ಅದನ್ನು ಪ್ರತ್ಯಯದ ಮೇಲೆ ತಂದು ಕೂರಿಸಿದರು. "ಅವಳು" ಬಂದಾಗ ಹುಡುಗಿಯರು ಏನು ಮಾಡುತ್ತಾರೆ?

ಹಳ್ಳಿಶಾಲೆ ಮೇಡಂ

ನಮಗೆ ಆನೆ ಯಾಕಿಲ್ಲ ಎಂದು ಜಗಳವೇ ಆಯಿತು. "ಆಳೆ" ಎಂಬ ಬೋಗಿಯ ಮೇಲೆ ಒಬ್ಬಳು ಬಳೆ ಬರೆದಳು, ಇನ್ನೊಬ್ಬಳು ಅದು ಬೇಡವೆಂದು ಅಳಿಸಿ ಬಾಳೆ ಗಿಡ ಬರೆದಳು. ಈಗ ಬಾಳೆಯ ಪಕ್ಕದಲ್ಲಿ ಆನೆಯನ್ನು ಇಡಬಾರದು, ತಿಂದುಬಿಡುತ್ತದೆ ಎಂದು ಎರಡೂ ಬೋಗಿಗಳನ್ನು ಬೇರೆ ಬೇರೆ ಬೆಂಕಿಪೆಟ್ಟಿಗೆಯಲ್ಲಿ ಇಡುತ್ತಿದ್ದಾರೆ.